ಗಾಯದ ಅಂಗಡಿ

ಗಾಯ ಮಾಡುವುದರಲ್ಲಿ ಎರಡು ಬಗೆ. ಒಂದಕ್ಕೆ ಮುಷ್ಟಿ ಸಾಕು. ಇನ್ನೊಂದಕ್ಕೆ ಮೇಣ, ಬಣ್ಣ, ಸಣ್ಣ ಕುಂಚ, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಮೊದಲನೆಯದನ್ನು ಯಾವ ಮುಠ್ಠಾಳನಾದರೂ ಮಾಡಿಯಾನು. ಎರಡನೆಯದನ್ನು ಮಾಡಬಲ್ಲವಳು ಆ ಊರಿಗೆಲ್ಲ ಒಬ್ಬಳೇ ಇದ್ದಳು. ಜನ ಅವಳನ್ನು ಗಾಯದಕ್ಕ ಎನ್ನುತ್ತಿದ್ದರು. ಅವಳ ತಂಗಿ ಮಾತ್ರ ಬರೀ ಅಕ್ಕ ಎಂದು ಕರೆಯುತ್ತಿದ್ದಳು.

ಅಕ್ಕ ಚಿತ್ರಕಲೆ ಕಲಿತವಳು. ಓದು ಮುಗಿಸಿದ ಹೊಸದರಲ್ಲಿ ಮುಖಗಳನ್ನು ಬರೆದಳು, ಯಾರೂ ಕೊಳ್ಳಲಿಲ್ಲ. ಹೂವು ಬರೆದಳು, ಎಲ್ಲರೂ ಹೊಗಳಿದರು, ಆಗಲೂ ಯಾರೂ ಕೊಳ್ಳಲಿಲ್ಲ. ಹೊಗಳಿಕೆಯನ್ನು ಬೇಯಿಸಿ ತಿನ್ನಲಾಗುವುದಿಲ್ಲವಲ್ಲ. ಕಡೆಗೆ ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುವ ಕೆಲಸಕ್ಕೆ ಸೇರಿಕೊಂಡಳು. ಅವರ ನಾಟಕದ ಕೊನೆಗೊಂದು ಕೊಲೆ ಇತ್ತು. ನಾಯಕನ ಕತ್ತು ಕುಯ್ದಾಗ ಸುರಿಯುತ್ತಿದ್ದ ಕೆಂಪು ನೀರು ನೋಡಿ ಜನ ದಿನವೂ ನಗುತ್ತಿದ್ದರು, ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅಕ್ಕ ಮೇಣ ಕರಗಿಸಿ, ಚರ್ಮದ ಬಣ್ಣ ಬೆರೆಸಿ, ನಾಯಕನ ಕತ್ತಿಗೆ ಒಂದು ಸೀಳು ಅಂಟಿಸಿದಳು. ಅದರ ಅಂಚು ಒಳಕ್ಕೆ ಮಡಚಿಕೊಂಡಿತ್ತು, ಆಳದಲ್ಲಿ ಬಿಳಿಯ ನರವೊಂದು ಕಾಣುತ್ತಿತ್ತು. ಅಂದಿನ ಆಟದಲ್ಲಿ ಮೊದಲ ಸಾಲಿನ ಹೆಂಗಸೊಬ್ಬಳು ಕುರ್ಚಿಯಿಂದ ಧೊಪ್ಪನೆ ಕೆಳಗೆ ಬಿದ್ದಳು. ಅಕ್ಕನ ಕಸುಬಿನ ಉದ್ಘಾಟನೆ ಆಗಿದ್ದು ಆ ಸದ್ದಿನಿಂದ.

ಆಮೇಲೆ ಬೇರೆ ಕಂಪನಿಗಳವರು ಬಂದರು, ಸಿನಿಮಾದವರು ಬಂದರು. ಮುರಿದ ಮೂಗು, ಕಿತ್ತ ಉಗುರು, ಗುಂಡು ಹೊಕ್ಕ ಭುಜ, ಸುಟ್ಟ ಬೆನ್ನು, ಎಲ್ಲಕ್ಕೂ ಅಕ್ಕನೇ. ನರ್ಸುಗಳ ತರಬೇತಿ ಶಾಲೆಯವರಿಗೂ ಅಭ್ಯಾಸಕ್ಕೆ ಗಾಯಾಳುಗಳು ಬೇಕಿದ್ದರು. ಕಲಿಯುವವರ ಕೈಗೆ ಮೈ ಒಪ್ಪಿಸಿ ಮಲಗುವುದಕ್ಕೆ ನಿಜವಾದ ಗಾಯಾಳುವಿಗೆ ತಲೆ ಕೆಟ್ಟಿರುತ್ತದೆಯೇ? ಅಲ್ಲಿಗೂ ಅಕ್ಕನನ್ನೇ ಕರೆದರು. ಆಗಿನ್ನೂ ಅವಳು ಬಾಡಿಗೆ ಮನೆಯ ಅಡುಗೆಕೋಣೆಯಲ್ಲೇ ಕೆಲಸ ಮಾಡುತ್ತಿದ್ದಳು. ಹಾಲು ಕಾಯಿಸುವ ಒಲೆಯ ಮೇಲೆ ಮೇಣ ಕರಗುತ್ತಿತ್ತು, ತಟ್ಟೆ ಒಣಗಿಸುವ ಕಡೆ ಕತ್ತರಿಸಿದ ಬೆರಳುಗಳು ಸಾಲಾಗಿ ಒಣಗುತ್ತಿದ್ದವು. ಮನೆಯ ಒಡತಿ ಒಂದು ಬೆಳಿಗ್ಗೆ ಸಕ್ಕರೆ ಕೇಳಲು ಬಂದು ಆ ಬೆರಳುಗಳನ್ನು ನೋಡಿದಳು. ಸಂಜೆಯೊಳಗೆ ಮನೆ ಖಾಲಿ ಮಾಡಬೇಕಾಯಿತು.

ಆಗ ಕೈ ಹಿಡಿದವನು ತಂಗಿಯ ಗಂಡ. ಅವನದು ಗಾಜಿನ ವ್ಯಾಪಾರ. ಕಿಟಕಿಗೆ, ಕನ್ನಡಿಗೆ, ಅಂಗಡಿ ಮುಂಗಟ್ಟಿಗೆ ಗಾಜು ಕತ್ತರಿಸಿ ಕೂರಿಸಿಕೊಡುತ್ತಿದ್ದ. ಆಳೆತ್ತರದ ಗಾಜನ್ನು ಒಂದು ಬೆರಳಚ್ಚೂ ಮೂಡದ ಹಾಗೆ ಎತ್ತಿಡುತ್ತಿದ್ದ, ಎಳೆಗೂಸನ್ನು ಎತ್ತಿದ ಹಾಗೆ. ಬೀದಿಯಲ್ಲೆಲ್ಲ ಸಂಭಾವಿತ ಎಂದು ಹೆಸರು. ತನ್ನ ಅಂಗಡಿಯ ಅರ್ಧ ಭಾಗವನ್ನೂ, ಇರುವುದಕ್ಕೆ ಹಿಂದಿನ ಕೋಣೆಯನ್ನೂ ಅಕ್ಕನಿಗೆ ಬಿಟ್ಟುಕೊಟ್ಟ. ಬೀದಿಯ ಕಡೆ ಗೋಡೆಯ ಬದಲು ಒಂದೇ ಒಂದು ದೊಡ್ಡ ಗಾಜನ್ನು ತಾನೇ ನಿಂತು ಕೂರಿಸಿದ, ಓಡಾಟಕ್ಕೆ ಹಿಂದಿನ ಬಾಗಿಲು ಮಾತ್ರ.

"ನೀವು ಬೇರೆಯವ್ರಾ ಅಕ್ಕ? ನಿಮ್ಮ ಕೆಲಸ ಜನಕ್ಕೆ ಕಾಣ್ಬೇಕು," ಎಂದ.

ಅಕ್ಕನ ಕಣ್ಣಲ್ಲಿ ನೀರು ಬಂತು. ಅಂಥ ಜಾಗ ಆ ಬೀದಿಯಲ್ಲಿ ಅವಳಿಗೆ ಜನ್ಮದಲ್ಲಿ ಸಿಗುತ್ತಿರಲಿಲ್ಲ.

ಅಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ತಂಗಿ ಕಿವಿಯ ಕೆಳಗೆ ಕಂದಿದ ಗುರುತು ಹೊತ್ತು ಬಂದಳು. "ಗಾಜು ಎತ್ತೋವಾಗ ತಗುಲ್ತು," ಎಂದಳು. ಗಾಜು ತಗುಲಿದರೆ ಕುಯ್ಯುತ್ತದೆ, ಕಂದುವುದಿಲ್ಲ. ಅಷ್ಟು ತಿಳಿಯದವಳೇ ಅಕ್ಕ? ಅವಳಿಗೆ ತಿಳಿಯಿತು. ಆದರೆ ಅದಕ್ಕೂ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಬಣ್ಣ. ಅಲ್ಲಿಯವರೆಗೂ ಅವಳು ಪೆಟ್ಟಿನ ಗುರುತಿಗೆ ಬರೀ ನೇರಳೆ ಬಳಿಯುತ್ತಿದ್ದಳು. ಇಲ್ಲಿ ನೋಡಿದರೆ ನಡುವೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಸುತ್ತ ಇಂಕಿನ ನೀಲಿ, ಅಂಚಿನಲ್ಲಿ ಏನೂ ಆಗದ ಚರ್ಮದೊಳಕ್ಕೆ ಕರಗಿಹೋಗುವ ಬೂದು.

"ಅಲ್ಲಾಡಬೇಡ ಕಣೇ," ಎಂದು ಕುಂಚ ತೆಗೆದುಕೊಂಡಳು. ಹಾಳೆಯ ಮೇಲೆ ಆ ಬಣ್ಣಗಳನ್ನು ಒಂದೊಂದಾಗಿ ಹಿಡಿದಳು. ಮುಗಿದ ಮೇಲೆ, "ನಾಡಿದ್ದು ಇನ್ನೊಂದ್ಸಲ ಬಾ. ಹಳದಿಗೆ ತಿರುಗತ್ತಲ್ಲ, ಅದನ್ನ ನೋಡ್ಬೇಕು," ಎಂದಳು.

ತಂಗಿ ಬಂದಳು. ಆಮೇಲೂ ಬರುತ್ತಲೇ ಇದ್ದಳು. ತೋಳಿನ ಒಳಬದಿಯಲ್ಲಿ ಬೆರಳುಗಳ ಗುರುತು, ಪಕ್ಕೆಲುಬಿನ ಮೇಲೆ ಬೂಟಿನ ಗುರುತು. ಅಕ್ಕನ ಪೆಟ್ಟುಗಳು ಎಷ್ಟು ನಿಜವಾದವೆಂದರೆ ತರಬೇತಿ ಶಾಲೆಯವರು ಹಳೆಯ ಪೆಟ್ಟು, ಹೊಸ ಪೆಟ್ಟು, ಮಾಗುತ್ತಿರುವ ಪೆಟ್ಟು ಎಂದು ಬಗೆಬಗೆಯಾಗಿ ಕೇಳಿ ಮಾಡಿಸಿಕೊಂಡರು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎನ್ನುತ್ತಾರೆ. ಅಕ್ಕ ಹಿರಿದ ಗಳ ತಂಗಿಯ ಮನೆಯದು. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ.

ಅವಳಿಗೆ ತಂಗಿಯ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಬೇಕಾದಷ್ಟಿತ್ತು. ಒಂದು ಮಧ್ಯಾಹ್ನ ತಂಗಿ ಅಂಗಿಯ ತೋಳು ಕೆಳಗಿಳಿಸುತ್ತಾ ಕೇಳಿದಳು: "ಅಕ್ಕ, ನಾನು ಇಲ್ಲೇ ಹಿಂದಿನ ರೂಮಲ್ಲಿ ಇದ್ದುಬಿಡ್ಲಾ?"

ಅಕ್ಕನ ಕುಂಚ ನಿಂತಿತು. ಹಿಂದಿನ ಕೋಣೆ ಅವನದು, ಮುಂದಿನ ಗಾಜೂ ಅವನದು. ತಂಗಿ ಅವನನ್ನು ಬಿಟ್ಟುಬಂದ ದಿನವೇ ಅಂಗಡಿ ಬೀದಿಗೆ ಬೀಳುತ್ತದೆ. ಅತ್ತ ದರಿ, ಇತ್ತ ಪುಲಿ. ಅದೇ ಹೊತ್ತಿಗೆ ಅಗ್ನಿಶಾಮಕ ದಳದವರು ವರ್ಷವಿಡೀ ತಮ್ಮ ಅಭ್ಯಾಸಗಳಿಗೆ ಗಾಯಾಳುಗಳನ್ನು ಮಾಡಿಕೊಡುವ ಕೆಲಸದ ಮಾತು ಎತ್ತಿದ್ದರು. ಅದೊಂದು ಕೈಗೆ ಬಂದರೆ ಸ್ವಂತದ್ದೊಂದು ಜಾಗ ಹಿಡಿಯಬಹುದು, ತಂಗಿಯನ್ನೂ ಕರೆದುಕೊಂಡು ಹೋಗಬಹುದು ಎಂದು ಅವಳು ಲೆಕ್ಕ ಹಾಕಿದಳು.

"ಆ ಕೆಲಸ ಒಂದು ಆಗ್ಲಿ ಕಣೇ, ಆಮೇಲೆ ಇಬ್ರೂ ಹೊರಟುಬಿಡೋಣ. ಅಲ್ಲಿ ತನಕ ಸ್ವಲ್ಪ ಸುಧಾರಿಸ್ಕೋ," ಎಂದಳು. ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ," ಎಂದೂ ಸೇರಿಸಿದಳು.

"ಉಂಡ ಮೇಲೇ ಅಕ್ಕ ಅವ್ರು ಶುರು ಮಾಡೋದು," ಎಂದಳು ತಂಗಿ.

ಇಬ್ಬರಿಗೂ ನಗು ಬಂತು. ನಗಬಾರದಿತ್ತು, ಬಂತು.

ವ್ಯಾಪಾರ ಬೆಳೆಸಬೇಕೆಂದರೆ ಜನ ನಿಂತು ನೋಡಬೇಕು. ಅದಕ್ಕೆ ಅಕ್ಕ ಹೊಸದೊಂದು ಉಪಾಯ ಹೂಡಿದಳು. ಭಾನುವಾರ ಬೆಳಿಗ್ಗೆ ಬೀದಿ ತುಂಬಿರುವ ಹೊತ್ತಿಗೆ ಗಾಜಿನ ಹಿಂದೆ ಪ್ರದರ್ಶನ. ಒಬ್ಬ ಗಂಡಸು ಒಬ್ಬ ಹೆಂಗಸನ್ನು ಬಡಿಯುವ ಆಟ. ಬಡಿಯುವವನು ನಾಟಕ ಕಂಪನಿಯ ಹಳೆಯ ನಟ. ಊದಿದರೆ ಹಾರಿಹೋಗುವಂತಿದ್ದುದರಿಂದ ಅವನಿಗೆ ಪೈಲ್ವಾನ ಎಂದು ಹೆಸರು. ಬಡಿಸಿಕೊಳ್ಳುವವಳು ತಂಗಿ. ಅವನ ಕೈ ಅವಳ ಕೆನ್ನೆಯ ಮುಂದೆ ಹಾದುಹೋಗುತ್ತಿತ್ತು, ತಾಗುತ್ತಿರಲಿಲ್ಲ. ಅದೇ ಕ್ಷಣಕ್ಕೆ ತಂಗಿ ಸೊಂಟದ ಹತ್ತಿರ ಚಪ್ಪಾಳೆ ಹೊಡೆದು ಸದ್ದು ಮಾಡುತ್ತಿದ್ದಳು. ಬಾಯಲ್ಲಿದ್ದ ರಕ್ತದ ಚೀಲ ಕಚ್ಚಿ ಒಡೆದರೆ ಗಲ್ಲದಿಂದ ಕೆಂಪು ಇಳಿಯುತ್ತಿತ್ತು. ಕೊನೆಯಲ್ಲಿ ಅವಳು ರಕ್ತದ ಅಂಗೈಯಿಂದ ಗಾಜನ್ನು ಬಡಿದು, "ಯಾರಾದ್ರೂ ಬನ್ನಿ, ಕೊಲ್ತಿದಾನೆ," ಎಂದು ಕೂಗಿ ಕುಸಿಯಬೇಕು. ಆ ಕೂಗನ್ನು ಬರೆದುಕೊಟ್ಟವಳೂ ಅಕ್ಕನೇ. ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಪೈಲ್ವಾನ ಪ್ರತಿ ಸಲವೂ ಬಗ್ಗಿ, "ಏಟಾಗ್ಲಿಲ್ಲ ತಾನೇ ಅಮ್ಮಾ?" ಎಂದು ಕೇಳುತ್ತಿದ್ದ.

"ನಿಂಗೆ ಇದು ಬೇಡ ಅನ್ಸಿದ್ರೆ ಹೇಳು," ಎಂದು ಅಕ್ಕ ಒಮ್ಮೆ ತಂಗಿಗೆ ಹೇಳಿದ್ದುಂಟು.

"ಇರ್ಲಿ ಬಿಡಕ್ಕ. ಇದು ಯಾವಾಗ ಮುಗಿಯತ್ತೆ ಅಂತ ಗೊತ್ತಿರತ್ತಲ್ಲ," ಎಂದಿದ್ದಳು ಅವಳು.

ಪ್ರದರ್ಶನ ಹೆಸರಾಯಿತು. ಪಕ್ಕದ ಬೀದಿಗಳಿಂದಲೂ ಜನ ಬಂದರು, ಕೆಲಸವೂ ಬಂತು. ಗಾಜಿನವನು ತನ್ನ ಬಾಗಿಲಲ್ಲಿ ಕೈ ಕಟ್ಟಿ ನಿಂತು ನೋಡಿ ನಗುತ್ತಿದ್ದ, ಬಂದವರಿಗೆ ಹೆಂಡತಿಯನ್ನು ತೋರಿಸುತ್ತಿದ್ದ. ಅವನೂ ಒಂದು ಪಾಠ ಕಲಿತ. ಅಲ್ಲಿಯವರೆಗೆ ಅವನು ಬಟ್ಟೆಯೋ ಕೂದಲೋ ಮುಚ್ಚುವ ಜಾಗ ನೋಡಿ ಹೊಡೆಯುತ್ತಿದ್ದ. ಈಗ ಆ ಜಾಗರೂಕತೆ ಬೇಕಾಗಲಿಲ್ಲ. ಊದಿದ ತುಟಿಯಲ್ಲಿ ತಂಗಿ ಬೀದಿಗಿಳಿದರೆ ಬೇಕರಿಯವನು, "ಏನಮ್ಮಾ, ಇನ್ನೂ ಬಣ್ಣ ತೊಳ್ಕೊಂಡಿಲ್ವಾ?" ಎಂದು ನಗುತ್ತಾ ಬ್ರೆಡ್ಡು ಕಟ್ಟಿಕೊಡುತ್ತಿದ್ದ. ಅವಳೂ ನಗಬೇಕಾಗುತ್ತಿತ್ತು, ಸೀಳಿದ ತುಟಿಯಲ್ಲೇ.

ಒಂದು ಶನಿವಾರ ಸಂಜೆ ತಂಗಿ ಸಣ್ಣ ಚೀಲ ಹಿಡಿದು ಅಂಗಡಿಗೆ ಬಂದಳು. ಒಂದು ಕಣ್ಣು ಅರ್ಧ ಮುಚ್ಚಿತ್ತು.

"ನಾನಿನ್ನು ಹೋಗಲ್ಲ. ನೀನು ಬೇಡ ಅಂದ್ರೆ ರಸ್ತೇಲಿ ಇರ್ತೀನಿ."

ಅಕ್ಕ ಬೇಡ ಎನ್ನಲಿಲ್ಲ. ಹಾಸಿಗೆ ಹಾಸಿಕೊಟ್ಟಳು. ಆದರೆ ಅವಳ ತಲೆಯಲ್ಲಿದ್ದದ್ದು ಮರುದಿನ. ಅಗ್ನಿಶಾಮಕ ದಳದ ಅಧಿಕಾರಿ ಅಂದು ಪ್ರದರ್ಶನ ನೋಡಲು ಬರುವವನಿದ್ದ, ನೋಡಿ ಒಪ್ಪಿದರೆ ಕೆಲಸ ಅವಳದು. "ನಾಳೆ ಒಂದು ಬೆಳಿಗ್ಗೆ ಕಳೀಲಿ ಕಣೇ," ಎಂದಳು. ತಂಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಪೈಲ್ವಾನನಿಗೆ ಜ್ವರ ಎಂದು ಸುದ್ದಿ ಬಂತು. ಬುದ್ಧಿ ಇದ್ದವಳು ಪರದೆ ಎಳೆದು ಬಾಗಿಲು ಹಾಕುತ್ತಿದ್ದಳು. ಅಕ್ಕನಿಗೆ ಆಸೆ ಇತ್ತು. ಹೊಡೆಯುವವನಿಲ್ಲದಿದ್ದರೆ ಏನಾಯಿತು, ಗಾಜಿನ ಮುಂದೆಯೇ ಗಾಯ ಮಾಡಿ ತೋರಿಸುತ್ತೇನೆ ಎಂದು ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹುಬ್ಬಿನ ಮೇಲೆ ಮೇಣ ಅಂಟಿಸತೊಡಗಿದಳು. ಹೊರಗೆ ಜನ ಸೇರಿದರು. ಮುಂದಿನ ಸಾಲಿನಲ್ಲಿ ಇಸ್ತ್ರಿಯ ಸಮವಸ್ತ್ರದ ಅಧಿಕಾರಿ ಕೈ ಕಟ್ಟಿ ನಿಂತಿದ್ದ.

ಹಿಂದಿನ ಬಾಗಿಲಿನಿಂದ ಗಾಜಿನವನು ಬಂದ. ಕೂಗಲಿಲ್ಲ.

"ಮನೆಗೆ ನಡಿ," ಎಂದ.

"ಬರಲ್ಲ," ಎಂದಳು ತಂಗಿ.

ಅವನ ಮುಷ್ಟಿ ಅವಳ ಬಾಯಿಗೆ ಬಿತ್ತು. ಪೈಲ್ವಾನನ ಹೊಡೆತಕ್ಕಿದ್ದ ಚಟೀರ್ ಎಂಬ ಸದ್ದು ಇದಕ್ಕಿರಲಿಲ್ಲ, ಒದ್ದೆ ಮೂಟೆ ನೆಲಕ್ಕೆ ಹಾಕಿದಷ್ಟೇ ಸದ್ದು. ಕುರ್ಚಿ ಮಗುಚಿತು. ಅವನು ಕೂದಲು ಹಿಡಿದು ಅವಳನ್ನು ಮೇಲೆತ್ತಿ ಮತ್ತೆ ಹೊಡೆದ, ಮೂಗಿನ ಮೂಳೆ ಮುರಿದದ್ದು ಅಕ್ಕನಿಗೆ ಕೇಳಿಸಿತು. ಹೊರಗೆ ಜನ ಹೋ ಎಂದರು. "ಇವ್ನು ಯಾರೋ ಹೊಸಬ, ಆ ಪೈಲ್ವಾನನಿಗಿಂತ ವಾಸಿ," ಎಂದು ಯಾರೋ ಹೇಳಿದ್ದು ಗಾಜಿನಾಚೆಯಿಂದ ಮೆಲ್ಲಗೆ ಬಂತು. ಗಾಜಿನವನೇ ಎಂದು ಗುರುತು ಹಿಡಿದವರಿಗೆ ಇನ್ನೂ ಖುಷಿ. ಗಂಡನೇ ಪಾತ್ರಕ್ಕಿಳಿದಿದ್ದಾನೆ ಎಂದು ಬೇಕರಿಯವನು ಶಿಳ್ಳೆ ಹಾಕಿದ.

"ಬಿಡೋ ಅವ್ಳನ್ನ," ಎಂದು ಅಕ್ಕ ಅವನ ಬೆನ್ನ ಮೇಲೆ ಬಿದ್ದಳು. ಅಷ್ಟು ವರ್ಷ ಅವನನ್ನು ನೀವು ತಾವು ಎಂದೇ ಮಾತಾಡಿಸಿದ್ದವಳು. ಅವನು ಮೈ ಕೊಡವಿದ ರಭಸಕ್ಕೆ ಅವಳು ಹೋಗಿ ಕಪಾಟಿಗೆ ಬಡಿದಳು. ಕಪಾಟು ಕುಸಿದು ರಕ್ತದ ಡಬ್ಬಿಗಳೆಲ್ಲ ನೆಲದ ಮೇಲೆ ಒಡೆದವು. ತಂಗಿಯ ರಕ್ತಕ್ಕೂ ಅಕ್ಕ ಕುದಿಸಿ ಮಾಡಿದ್ದ ರಕ್ತಕ್ಕೂ ಇನ್ನು ವ್ಯತ್ಯಾಸ ಉಳಿಯಲಿಲ್ಲ. ಆ ಕೆಸರಿನಲ್ಲಿ ತಂಗಿ ತೆವಳುತ್ತಿದ್ದಳು, ಅವನು ಬೂಟುಗಾಲಿನಿಂದ ಅವಳ ಪಕ್ಕೆಗೆ ಒದೆಯುತ್ತಿದ್ದ. ಒದೆಗೊಂದು ಮಾತಿನಂತೆ ಹೇಳುತ್ತಿದ್ದ: "ನನ್ನ ಮನೆ. ನನ್ನ ಅಂಗಡಿ. ಎಲ್ಲಿಗೆ ಹೋಗ್ತೀಯ?"

ಅಕ್ಕ ಗಾಜಿನ ಹತ್ತಿರ ಓಡಿದಳು. ಎರಡು ಅಂಗೈಯಿಂದ ಗಾಜನ್ನು ಬಡಿದಳು.

"ಯಾರಾದ್ರೂ ಬನ್ನಿ, ಕೊಲ್ತಿದಾನೆ."

ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಆ ಕೂಗಿಗಾಗಿಯೇ ಅವರು ಪ್ರತಿ ಭಾನುವಾರ ಬರುತ್ತಿದ್ದವರು. ಕೂಗಾದ ಮೇಲೆ ಆಟ ಮುಗಿಯಿತು ಎಂದು ಅವರಿಗೆ ಕಲಿಸಿದವಳು ಇವಳೇ. "ನಿಜ, ಇದು ನಿಜ," ಎಂದು ಕಿರುಚಿದಳು. ಅಧಿಕಾರಿ ತಲೆದೂಗಿದ, ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ಹೆಬ್ಬೆರಳೆತ್ತಿ ಅಕ್ಕನಿಗೆ ತೋರಿಸಿದ. ಒಪ್ಪಿಗೆ. ಕೆಲಸ ಅವಳದಾಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಜೀವಮಾನದಲ್ಲಿ ಅಷ್ಟು ಮಂದಿ ಅವಳ ಕೆಲಸವನ್ನು ಅಷ್ಟು ಮನಸಾರೆ ಮೆಚ್ಚಿದ್ದಿಲ್ಲ.

ಹಿಂದೆ ತಿರುಗಿದರೆ ಗಾಜಿನವನು ಮಂಡಿಯೂರಿ ಕೂತಿದ್ದ. ಎರಡು ಕೈಯೂ ತಂಗಿಯ ಕತ್ತಿನ ಮೇಲಿದ್ದವು. ತಂಗಿಯ ಹಿಮ್ಮಡಿಗಳು ಕೆಂಪಿನಲ್ಲಿ ಜಾರುತ್ತಿದ್ದವು, ಜಾರುವುದು ನಿಧಾನವಾಗುತ್ತಿತ್ತು.

ಅಕ್ಕ ಕಬ್ಬಿಣದ ಸ್ಟೂಲನ್ನು ಎತ್ತಿಕೊಂಡಳು. ಅವನ ತಲೆಗೆ ಹೊಡೆಯಲೆಂದೇ ಎತ್ತಿದ್ದು. ಹೊಡೆದಳು ಕೂಡ. ತಲೆ ತಪ್ಪಿ ಹೆಗಲಿಗೆ ಬಿತ್ತು, ಅವನು ಕೈ ಬಿಡಲಿಲ್ಲ, ಅವಳತ್ತ ತಿರುಗಿಯೂ ನೋಡಲಿಲ್ಲ. ಇನ್ನೊಮ್ಮೆ ಹೊಡೆದಳು. ಹೊರಗೆ ನಗು. ತನ್ನೊಬ್ಬಳ ಕೈಯಿಂದ ಇದು ಆಗುವುದಿಲ್ಲ ಎಂದು ಅವಳಿಗೆ ಆಗ ಖಚಿತವಾಯಿತು. ಬೇಕಾಗಿದ್ದದ್ದು ಹೊರಗೆ ನಿಂತವರ ಕೈಗಳು. ಅವರ ಮತ್ತು ತಂಗಿಯ ಉಸಿರಿನ ನಡುವೆ ಇದ್ದದ್ದು ಆ ಗಾಜು, ಆ ಅಂಗಡಿ, ಅವಳು ಕಟ್ಟಿದ್ದೆಲ್ಲ. ಸ್ಟೂಲನ್ನು ತಲೆಯ ಮೇಲೆತ್ತಿ ಮೈಯಲ್ಲಿದ್ದ ಬಲವನ್ನೆಲ್ಲ ಸೇರಿಸಿ ಗಾಜಿನ ನಡುವಿಗೆ ಎಸೆದಳು.

ಇಡೀ ಗಾಜು ಹೊರಕ್ಕೆ ಸುರಿಯಿತು. ಮುಂದಿನ ಸಾಲಿನವರು ಹಿಂದೆ ಸರಿಯುವಷ್ಟರಲ್ಲಿ ಅಂಗೈಯಗಲದ ಚೂರೊಂದು ಅಧಿಕಾರಿಯ ಮುಂಗೈ ಸೀಳಿತು. ಇನ್ನೊಂದು ಬೇಕರಿಯವನ ಹಣೆ ಕುಯ್ದಿತು, ಮತ್ತೊಂದು ಯಾರೋ ಹೆಂಗಸಿನ ಪಾದದಲ್ಲಿ ನೆಟ್ಟಿತು. ಅಧಿಕಾರಿ ತನ್ನ ಕೈ ನೋಡಿಕೊಂಡ. ಬಿಸಿಯಾಗಿತ್ತು, ಮಿಡಿದು ಮಿಡಿದು ಬರುತ್ತಿತ್ತು. ತನ್ನ ಮೈಯಿಂದ ಹರಿದಾಗ ಎಂಥವನಿಗೂ ರಕ್ತದ ಗುರುತು ಸಿಗುತ್ತದೆ. ಅವನು ತಲೆಯೆತ್ತಿ ಒಳಗೆ ನೋಡಿದ, ನೆಲದ ಮೇಲೆ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

ಒಡೆದ ಅಂಚನ್ನು ದಾಟಿ ಮೊದಲು ಹಾರಿದವನು ಅವನೇ, ಹಿಂದೆ ಬೇಕರಿಯವನು. ಅಧಿಕಾರಿ ಗಾಜಿನವನ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮುರಿದು ತಂಗಿಯ ಕತ್ತು ಬಿಡಿಸಿದ. ಬೇಕರಿಯವನು ಹಣೆಯ ರಕ್ತ ಕಣ್ಣಿಗಿಳಿಯುತ್ತಿದ್ದರೂ ಅವನನ್ನು ಗೋಡೆಗೆ ಒತ್ತಿಹಿಡಿದು, ಅಳುತ್ತಾ, ಬಾಯಿಗೆ ಬಂದಂತೆ ಬೈಯುತ್ತಾ ಗುದ್ದಿದ. ಬಿಡಿಸುವುದಕ್ಕೆ ಯಾರೂ ಹೋಗಲಿಲ್ಲ. ಗಾಜಿನವನು ಕುಸಿದು ಕೂತಲ್ಲಿಂದ ಬೀದಿಯ ಕಡೆ ನೋಡಿದ.

"ಗಾಜು ಒಡೆದವ್ರು ಯಾರು?" ಎಂದ.

ತಂಗಿಯ ಎದೆ ಏಳಲಿಲ್ಲ, ಏಳಲಿಲ್ಲ, ಆಮೇಲೆ ಎದ್ದಿತು.

ಆಸ್ಪತ್ರೆಯ ಬಾಗಿಲಲ್ಲಿ ಗಾಲಿಮಂಚ ತಂದ ಚಿಕ್ಕ ನರ್ಸು ತರಬೇತಿ ಶಾಲೆಯವಳು, ಅಕ್ಕನ ಗಾಯಗಳ ಮೇಲೆ ಕೈ ಪಳಗಿಸಿಕೊಂಡವಳು. ತಂಗಿಯ ಮುಖ ನೋಡಿದಳು, ಅಕ್ಕನನ್ನು ನೋಡಿ ಗುರುತು ಹಿಡಿದಳು, ಅರೆಗಳಿಗೆ ಅವಳ ಕೈ ನಿಂತಿತು.

"ಮೇಡಂ, ಇದು ನಿಮ್ಮದಾ?" ಎಂದಳು.

"ಅಲ್ಲಮ್ಮ," ಎಂದಳು ಅಕ್ಕ. ಹಾಗೆಂದವಳು ಗೋಡೆ ಹಿಡಿದು ನೆಲಕ್ಕೆ ಕೂತುಬಿಟ್ಟಳು. ಎಷ್ಟೋ ಹಿಂದೆಯೇ, ಕಿವಿಯ ಕೆಳಗಿನ ಆ ಮೊದಲ ಗುರುತಿನ ದಿನವೇ ಈ ಹುಡುಗಿ ಕೇಳಿದ್ದರೆ ಏನು ಹೇಳುತ್ತಿದ್ದೆ ಎಂಬ ಯೋಚನೆ ಅವಳನ್ನು ಒಳಗಿನಿಂದ ತಿಂದಿತು.

ಪೊಲೀಸರ ಮುಂದೆ ಗಾಜಿನವನು ಅದೆಲ್ಲ ಪ್ರದರ್ಶನ, ನಾಟಕ ಎಂದು ವಾದಿಸಿದನಂತೆ. ಹೊಲಿಗೆ ಹಾಕಿದ ಕೈಯನ್ನು ಮೇಜಿನ ಮೇಲಿಟ್ಟು ಅಧಿಕಾರಿ ಕಂಡದ್ದನ್ನು ಹೇಳಿದ. ತಾನು ಹೆಬ್ಬೆರಳು ತೋರಿಸಿದ್ದನ್ನೂ ಬಿಡದೆ ಹೇಳಿದ ಎಂದು ಕೇಳಿದ್ದೇನೆ. ಗಾಜಿನವನು ಒಳಗೆ ಹೋದ. ಅವನ ಅಣ್ಣತಮ್ಮಂದಿರು ಬಂದು ಅಂಗಡಿಗೆ ಬೀಗ ಜಡಿದರು, ಅಚ್ಚುಗಳೂ ಬಣ್ಣಗಳೂ ಒಳಗೇ ಉಳಿದವು. ಅಕ್ಕ ಕೇಳಲು ಹೋಗಲಿಲ್ಲ.

ತಂಗಿಯ ದವಡೆಗೆ ತಂತಿ ಕಟ್ಟಿದ್ದರು, ಮಾತಿಲ್ಲ. ಮುಖದ ಬ್ಯಾಂಡೇಜು ಬಿಚ್ಚಿದ ದಿನ ಅಕ್ಕ ಮಂಚದ ಪಕ್ಕದಲ್ಲೇ ಇದ್ದಳು. ಕಿಟಕಿಯ ಬೆಳಕು ನೇರವಾಗಿ ಆ ಮುಖದ ಮೇಲೆ ಬೀಳುತ್ತಿತ್ತು. ಕಣ್ಣಿನ ಸುತ್ತ ಕಪ್ಪು ಒಡೆದು ಹಸಿರಿಗೆ ತಿರುಗುತ್ತಿತ್ತು. ಮೂಗಿನ ಹೊಲಿಗೆಯ ಹತ್ತಿರ ತಿಳಿ ನೇರಳೆ, ಅದರಾಚೆ ಹಳದಿ. ಬರೀ ಹಳದಿಯಲ್ಲ, ಅದಕ್ಕೆ ಚಿಟಿಕೆ ಮಣ್ಣಿನ ಬಣ್ಣ ಬೆರೆಸಬೇಕು ಎಂದು ಅಕ್ಕನ ಕಣ್ಣು ತನ್ನಷ್ಟಕ್ಕೆ ತಾನೇ ಅಳೆಯತೊಡಗಿತು. ಅವಳು ಬೇಕೆಂದು ಮಾಡಿದ್ದಲ್ಲ, ಕಣ್ಣೇ ಹಾಗೆ ಕಲಿತುಬಿಟ್ಟಿತ್ತು.

ತಂಗಿಗೆ ಆ ನೋಟದ ಪರಿಚಯ ಚೆನ್ನಾಗಿತ್ತು. ತೆರೆದಿದ್ದ ಒಂದೇ ಕಣ್ಣಿನಿಂದ ಅಕ್ಕನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊದಿಕೆಯ ಅಂಚು ಹಿಡಿದು ಮೆಲ್ಲಗೆ ಮುಖದ ಮೇಲಕ್ಕೆ ಎಳೆದುಕೊಂಡಳು.

ಅಕ್ಕನಿಗೆ ಎದ್ದುಹೋಗುವುದಕ್ಕೆ ಮನಸ್ಸು ಬರಲಿಲ್ಲ.

"ನೋಡಲ್ಲ ಕಣೇ," ಎಂದಳು ಕೊನೆಗೆ. "ಇಲ್ಲೇ ಇರ್ತೀನಿ, ನೋಡಲ್ಲ."

ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ತಂಗಿಗೆ ಬೆನ್ನು ಮಾಡಿ ಕೂತಳು. ನರ್ಸು ಬಂದು ಔಷಧಿ ಕೊಟ್ಟು ಹೋದಳು, ಹೊರಗಿನ ಹಾದಿಯಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋದರು. ತುಂಬ ಹೊತ್ತಿನ ಮೇಲೆ ಹಿಂದುಗಡೆ ಹೊದಿಕೆ ಕೆಳಗೆ ಸರಿದ ಸದ್ದಾಯಿತು, ಮುರಿದ ಮೂಗಿನಿಂದ ತಂಗಿ ಎಳೆದೆಳೆದು ಉಸಿರಾಡುವುದು ಕೇಳಿಸಿತು. ಅಕ್ಕ ತಿರುಗಲಿಲ್ಲ.